ಹಸಿಹಾಲಿನ ಚೀಸು ಮತ್ತು ಕಡಿದ ಕಾಡಿನ ಬ್ಯಾಕ್ಟೀರಿಯಾ

ಆಹಾರ ಕಲುಷಿತವಾಗುವುದೆಂದರೆ ಶುದ್ಧವಾಗಿದ್ದ ಪದಾರ್ಥಕ್ಕೆ ಹೊರಗಿನಿಂದ ರೋಗಾಣು ಬಂದು ಸೇರುವುದು ಎಂಬ ಸಾಮಾನ್ಯ ತಿಳಿವಳಿಕೆ ಹಸಿಹಾಲಿನ ಚೀಸಿನ ಮಟ್ಟಿಗೆ ಅರ್ಧ ಮಾತ್ರ ಸರಿ. ಕಾಯಿಸದ ಹಾಲಿನಿಂದ ಮಾಡಿದ ಚೀಸಿನಲ್ಲಿ ಬ್ಯಾಕ್ಟೀರಿಯಾಗಳು ಇಲ್ಲದ ಗಳಿಗೆಯೇ ಇರುವುದಿಲ್ಲ; ಹಾಲು ಹುಳಿಯಾಗುವುದು, ರುಚಿ ಮೂಡುವುದು, ಚೀಸು ಹಣ್ಣಾಗುತ್ತ ಹೋಗುವುದು ಬಹುಮಟ್ಟಿಗೆ ಅವುಗಳಿಂದಲೇ ಆಗುವುದರಿಂದ, ಯಾವ ಬ್ಯಾಕ್ಟೀರಿಯಾ, ಯಾವುದಕ್ಕಿಂತ ಮೊದಲು, ಯಾವುದರ ನಡುವೆ ಬೆಳೆಯಿತು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಕಾಡು ಕಡಿದು ಹುಲ್ಲುಗಾವಲು ಮಾಡಿದ ನೆಲದ ಮಣ್ಣನ್ನು ಪರೀಕ್ಷಿಸುವ ವಿಜ್ಞಾನಿಗಳೂ ಇದೇ ಪ್ರಶ್ನೆಯನ್ನು ಕೇಳುತ್ತಾರೆ. ಬ್ರೆಜಿಲ್ ದೇಶದಲ್ಲಿ ಈ ಎರಡೂ ಅಧ್ಯಯನಗಳಿಗೆ ಹೇರಳ ಸಾಮಗ್ರಿಯಿದೆ.

ಆಗ್ನೇಯ ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ಒಂದು ಭಾಗ ಅಟ್ಲಾಂಟಿಕ್ ಕಾಡಿಗೂ ಇನ್ನೊಂದು ಭಾಗ ಸೆರಾಡೊ ಎಂದು ಕರೆಯಲಾಗುವ, ಹುಲ್ಲು ಮತ್ತು ಕುರುಚಲು ಮರಗಳು ಬೆರೆತ ಉಷ್ಣವಲಯದ ಬಯಲಿಗೂ ಸೇರುತ್ತದೆ. ಅಲ್ಲಿಯ ಸಣ್ಣ ರೈತರು ಮನೆಯ ಹಸುಗಳ ಹಸಿಹಾಲಿನಿಂದ ತಲೆಮಾರುಗಳಿಂದ ಮಾಡಿಕೊಂಡು ಬಂದಿರುವ ಚೀಸಿನ ತಯಾರಿಕೆಯ ವಿಧಾನವನ್ನು ಬ್ರೆಜಿಲ್ 2008ರಲ್ಲಿ ರಾಷ್ಟ್ರೀಯ ಪರಂಪರೆಯೆಂದು ದಾಖಲಿಸಿತು. 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ರೆಜಿಲ್‌ನ ಹೈನುಗಾರಿಕೆಯಲ್ಲಿ ವ್ಯಾಪಕವಾಗಿರುವ ಜಿರೋಲಾಂಡೊ ತಳಿಯು ಗುಜರಾತಿನ ಗಿರ್ ಮತ್ತು ಯುರೋಪಿನ ಹೋಲ್‌ಸ್ಟೀನ್ ತಳಿಗಳ ಮಿಶ್ರಣವಾದುದರಿಂದ, ಆ ಹುಲ್ಲುಗಾವಲುಗಳಲ್ಲಿ ಭಾರತದ ಹಸುವಿನ ವಂಶವೂ ಮೇಯುತ್ತಿದೆ.

ಈ ಚೀಸಿನ ಜೀವಾಳ ಪಿಂಗೊ ಎಂಬ ಹೆಪ್ಪು. ಕರೆದ ಹಾಲು ಇನ್ನೂ ಬೆಚ್ಚಗಿರುವಾಗಲೇ ಅದಕ್ಕೆ ರೆನೆಟ್ ಎಂಬ, ಹಾಲನ್ನು ಗಟ್ಟಿಗೊಳಿಸುವ ಕಿಣ್ವವನ್ನೂ ಪಿಂಗೊವನ್ನೂ ಸೇರಿಸುತ್ತಾರೆ; ಗಟ್ಟಿಯಾದ ಹಾಲನ್ನು ಕತ್ತರಿಸಿ, ದುಂಡನೆಯ ಅಚ್ಚುಗಳಿಗೆ ತುಂಬಿ, ಕೈಯಿಂದ ಒತ್ತಿ ತಿಳಿನೀರನ್ನು ಇಳಿಸಿ, ಮೇಲ್ಮೈಗೆ ಕಲ್ಲುಪ್ಪನ್ನು ಹರಡುತ್ತಾರೆ. ಉಪ್ಪು ಕರಗುತ್ತ ಹೋದಂತೆ ಚೀಸಿನಿಂದ ತಿಳಿನೀರು ರಾತ್ರಿಯುದ್ದಕ್ಕೂ ಹನಿಹನಿಯಾಗಿ ಒಸರಿ, ಇಳಿಜಾರಾದ ಕಟ್ಟೆಯ ತೋಡಿನಲ್ಲಿ ಹರಿದು ಪಾತ್ರೆಗೆ ಬೀಳುತ್ತದೆ; ಉಪ್ಪುಪ್ಪಾದ, ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳಿಂದ ತುಂಬಿದ ಈ ನೀರೇ ಮರುದಿನದ ಪಿಂಗೊ. ಮನೆಯಲ್ಲಿ ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುವಂತೆ, ಒಂದು ಜಮೀನಿನ ಬ್ಯಾಕ್ಟೀರಿಯಾ ಸಮುದಾಯ ದಿನದಿಂದ ದಿನಕ್ಕೆ ಅದೇ ಜಮೀನಿನಲ್ಲಿ ಮುಂದುವರಿಯುತ್ತದೆ. ಒಳ್ಳೆಯದು ಮುಂದುವರಿಯುವ ಹಾದಿಯಲ್ಲೇ ಕೆಟ್ಟದ್ದೂ ಮುಂದುವರಿಯಬಲ್ಲದು ಎಂಬುದನ್ನು ಮಾತ್ರ ಮರೆಯುವಂತಿಲ್ಲ: ಒಂದು ದಿನದ ಪಿಂಗೊ ಕೆಟ್ಟರೆ, ಅದನ್ನು ಚೆಲ್ಲಿ ಹೊಸದಾಗಿ ಆರಂಭಿಸುವವರೆಗೆ ಮುಂದಿನ ದಿನಗಳ ಚೀಸೂ ಕೆಡುತ್ತ ಹೋಗುತ್ತದೆ.

ಕೆಟ್ಟದ್ದರ ಪೈಕಿ ಸಂಶೋಧಕರು ಹೆಚ್ಚು ಗಮನಿಸುವ ಜೀವಿ ಸ್ಟ್ಯಾಫಿಲೊಕಾಕಸ್ ಆರಿಯಸ್. ಮನುಷ್ಯರ ಮೂಗು ಮತ್ತು ಚರ್ಮದಲ್ಲಿ ಸಹಜವಾಗಿ ಇರುವ, ಹಸುಗಳಲ್ಲಿ ಕೆಚ್ಚಲು ಬಾವಿಗೆ ಕಾರಣವಾಗುವ ಈ ದುಂಡನೆಯ ಬ್ಯಾಕ್ಟೀರಿಯಾ ಹಾಲಿಗೆ ಬರಲು ಕೆಚ್ಚಲು ಮತ್ತು ಕರೆಯುವ ಕೈ ಎಂಬ ಎರಡು ದಾರಿಗಳು ಯಾವಾಗಲೂ ತೆರೆದಿರುತ್ತವೆ. ಇತರ ಅನೇಕ ರೋಗಾಣುಗಳನ್ನು ತಡೆಯುವ ಉಪ್ಪು ಮತ್ತು ಒಣಗುವಿಕೆಯನ್ನು ಇದು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಆದರೆ ಇತರ ಬ್ಯಾಕ್ಟೀರಿಯಾಗಳ ಎದುರು ಪೈಪೋಟಿಯಲ್ಲಿ ಬಹಳ ದುರ್ಬಲ. ಪಿಂಗೊದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಬೇಗ ತಿಂದು ಆಮ್ಲವನ್ನು ಏರಿಸಿದರೆ ಸ್ಟ್ಯಾಫಿಲೊಕಾಕಸ್ ಹಿಂದೆ ಬೀಳುತ್ತದೆ, ಅವು ನಿಧಾನಿಸಿದರೆ ಇದು ಬೆಳೆದುಬಿಡುತ್ತದೆ; ಹೀಗಾಗಿ ಚೀಸು ತಯಾರಾದ ಮೊದಲ ದಿನವೇ ಬಹುಮಟ್ಟಿಗೆ ನಿರ್ಣಾಯಕ.

ಸ್ಟ್ಯಾಫಿಲೊಕಾಕಸ್‌ನ ಸಂಖ್ಯೆ ಒಂದು ಗ್ರಾಂ ಚೀಸಿನಲ್ಲಿ ಸುಮಾರು 1 ಲಕ್ಷವನ್ನು ದಾಟಿದಾಗ ಎಂಟರೊಟಾಕ್ಸಿನ್ ಎಂಬ ವಿಷಕಾರಿ ಪ್ರೋಟೀನು ಹಾನಿ ಮಾಡುವಷ್ಟು ಪ್ರಮಾಣದಲ್ಲಿ ಉತ್ಪತ್ತಿಯಾಗಬಹುದು. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಈ ಪ್ರೋಟೀನು ಕುದಿಯುವ ಶಾಖಕ್ಕೂ ಜಗ್ಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು ಶುರುವಾಗುತ್ತವೆ. ಚೀಸನ್ನು ಎಷ್ಟು ದಿನ ಹಣ್ಣಾಗಿಸಬೇಕು ಎಂಬ ವಾದದ ತಿರುಳೂ ಇಲ್ಲೇ ಇದೆ. ಹಸಿಹಾಲಿನ ಚೀಸನ್ನು ಕನಿಷ್ಠ 60 ದಿನ ಇಟ್ಟ ಮೇಲಷ್ಟೇ ಮಾರಬೇಕೆಂಬ ಕೇಂದ್ರ ನಿಯಮವಿದ್ದ ಬ್ರೆಜಿಲ್‌ನಲ್ಲಿ, ಮಿನಾಸ್ ರಾಜ್ಯವು ತನ್ನ ಪ್ರದೇಶದ ಚೀಸುಗಳ ಮೇಲೆ ನಡೆದ ಅಧ್ಯಯನಗಳನ್ನು ಆಧರಿಸಿ 2013ರಲ್ಲಿ ಸೆರ್ರೊ ಪ್ರದೇಶಕ್ಕೆ 17 ದಿನ, ಕನಾಸ್ತ್ರಾ ಮೊದಲಾದ ಪ್ರದೇಶಗಳಿಗೆ 22 ದಿನ ಎಂದು ಗೊತ್ತುಮಾಡಿತು. ದಿನ ಕಳೆದಂತೆ ನೀರಿನಂಶ ಇಳಿದು, ಉಪ್ಪು ಗಾಢವಾಗಿ, ರೋಗಾಣುಗಳ ಸಂಖ್ಯೆ ಕುಗ್ಗುವುದು ನಿಜ. ಆದರೆ ಮೊದಲ ದಿನವೇ ಉತ್ಪತ್ತಿಯಾದ ವಿಷವನ್ನು ದಿನಗಳ ಎಣಿಕೆ ಅಳಿಸಲಾರದಾದ್ದರಿಂದ, 17 ಸಾಕೇ 60 ಬೇಕೇ ಎಂಬ ಚರ್ಚೆಗಿಂತ ಕೆಚ್ಚಲಿನ ಆರೋಗ್ಯದ ಚರ್ಚೆ ಹೆಚ್ಚು ಮಹತ್ವದ್ದೆಂದು ಹೇಳಬೇಕಾಗುತ್ತದೆ.

ಅದೇ ರಾಜ್ಯದ ನೋವಾ ಸೆರ್ರಾನಾ ಪಟ್ಟಣದ ದುರಂತ ಇದಕ್ಕೆ ಸಾಕ್ಷಿ. 1997ರ ಡಿಸೆಂಬರ್‌ನಿಂದ 1998ರ ಜುಲೈವರೆಗೆ ಅಲ್ಲಿ 253 ಜನರಿಗೆ ಮೂತ್ರಪಿಂಡಗಳ ತೀವ್ರ ಉರಿಯೂತ ತಗುಲಿ, 7 ಮಂದಿಗೆ ಡಯಾಲಿಸಿಸ್ ಬೇಕಾಯಿತು, 3 ಮಂದಿ ತೀರಿಕೊಂಡರು. ತನಿಖೆಯು ಸ್ಥಳೀಯವಾಗಿ ಹಸಿಹಾಲಿನಿಂದ ಮಾಡಿದ, ಹಣ್ಣಾಗಿಸದೆ ತಾಜಾ ತಿನ್ನುವ ಚೀಸಿನ ಕಡೆಗೆ ಬೊಟ್ಟು ಮಾಡಿತು. ಸ್ಟ್ರೆಪ್ಟೊಕಾಕಸ್ ಜೂಎಪಿಡೆಮಿಕಸ್ ಎಂಬ, ಮುಖ್ಯವಾಗಿ ಪ್ರಾಣಿಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾ ಹಸುಗಳ ಕೆಚ್ಚಲಿನಲ್ಲಿ ಪತ್ತೆಯಾಯಿತು. ಗಂಟಲುನೋವಿನ ನಂತರ ಬರುವ ಮೂತ್ರಪಿಂಡದ ಉರಿಯೂತಕ್ಕೆ ಇದರ ಹತ್ತಿರದ ಸಂಬಂಧಿಯಾದ ಇನ್ನೊಂದು ಸ್ಟ್ರೆಪ್ಟೊಕಾಕಸ್ ಕಾರಣವೆಂಬುದು ಮೊದಲೇ ತಿಳಿದಿತ್ತು, ಆ ರೋಗಕ್ಕೆ ಒಂದು ನಿರ್ದಿಷ್ಟ ಪ್ರೋಟೀನು ಕಾರಣವಿರಬಹುದೆಂಬ ವಾದವೂ ಬಲವಾಗಿತ್ತು. ಆದರೆ 2008ರಲ್ಲಿ ನೋವಾ ಸೆರ್ರಾನಾದ ತಳಿಯ ಜೀನೋಮನ್ನು, ಅಂದರೆ ಅದರ ಆನುವಂಶಿಕ ಸಾಮಗ್ರಿಯ ಇಡೀ ಸರಣಿಯನ್ನು ಓದಿದಾಗ, ಆ ಪ್ರೋಟೀನನ್ನು ತಯಾರಿಸುವ ಜೀನೇ ಅದರಲ್ಲಿ ಇರಲಿಲ್ಲ. ಹಳ್ಳಿಯ ಚೀಸೊಂದು ವೈದ್ಯವಿಜ್ಞಾನದ ಸಿದ್ಧಾಂತವೊಂದನ್ನು ಪ್ರಶ್ನೆಗೆ ಒಡ್ಡಿತು.

ಇನ್ನು ಕಾಡಿನ ಮಾತು. ಅಟ್ಲಾಂಟಿಕ್ ಕಾಡಿನ ಮೂಲ ವಿಸ್ತಾರದಲ್ಲಿ ಉಳಿದಿರುವುದು ಶೇ. 11ರಿಂದ 16 ಮಾತ್ರ, ಉಳಿದ ತುಣುಕುಗಳ ಪೈಕಿ ಶೇ. 80ಕ್ಕೂ ಹೆಚ್ಚಿನವು 50 ಹೆಕ್ಟೇರಿಗಿಂತ ಚಿಕ್ಕವು ಎಂದು 2009ರ ಅಧ್ಯಯನವೊಂದು ಅಂದಾಜಿಸಿತು. ಕಾಡು ಹುಲ್ಲುಗಾವಲಾದಾಗ ಮಣ್ಣಿನೊಳಗೆ ಏನಾಗುತ್ತದೆಂಬುದನ್ನು ಅಮೆಜಾನ್‌ನ ರೊಂಡೋನಿಯಾ ರಾಜ್ಯದಲ್ಲಿ ಪರೀಕ್ಷಿಸಿದ ತಂಡವೊಂದು 2013ರಲ್ಲಿ ಪ್ರಕಟಿಸಿದ ಫಲಿತಾಂಶ ಎಚ್ಚರದಿಂದ ಓದಬೇಕಾದದ್ದು. ಒಂದು ಚಿಟಿಕೆ ಮಣ್ಣನ್ನಷ್ಟೇ ನೋಡಿದರೆ ಹುಲ್ಲುಗಾವಲಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಕಾಡಿನದಕ್ಕಿಂತ ಹೆಚ್ಚಾಗಿತ್ತು. ಆದರೆ ದೂರದೂರದ ಮಾದರಿಗಳನ್ನು ಹೋಲಿಸಿದಾಗ, ಕಾಡಿನಲ್ಲಿ ಜಾಗದಿಂದ ಜಾಗಕ್ಕೆ ಬದಲಾಗುತ್ತಿದ್ದ ಬ್ಯಾಕ್ಟೀರಿಯಾ ಸಮುದಾಯಗಳು ಹುಲ್ಲುಗಾವಲಿನಲ್ಲಿ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಬಗೆಯವಾಗಿದ್ದವು. ಕಾಡು ಸುಟ್ಟ ಬೂದಿ ಮಣ್ಣಿನ ಆಮ್ಲೀಯತೆಯನ್ನು ತಗ್ಗಿಸಿ, ಒಂದೇ ಬಗೆಯ ಹುಲ್ಲು ಎಲ್ಲೆಡೆ ಹಬ್ಬಿದಾಗ, ಎಲ್ಲಿ ಬೇಕಾದರೂ ಬದುಕಬಲ್ಲ ಜೀವಿಗಳು ನೆಲೆಯೂರಿ, ಆಯಾ ಜಾಗಕ್ಕೇ ಸೀಮಿತವಾದವು ಕಣ್ಮರೆಯಾಗುತ್ತವೆ. ಬರೀ ಎಣಿಕೆಯಲ್ಲಿ ಕಾಣದ ಈ ನಷ್ಟವನ್ನು ಜೈವಿಕ ಏಕರೂಪೀಕರಣ ಎನ್ನುತ್ತಾರೆ.

ಇಂಥ ಮಣ್ಣಿನಿಂದ ರೋಗಾಣು ನೇರವಾಗಿ ಚೀಸಿಗೆ ಹಾರುತ್ತದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಕಾಡನ್ನೂ ಚೀಸನ್ನೂ ನೇರವಾಗಿ ಬೆಸೆಯುವುದು ನೀರು. ಕೆಚ್ಚಲು, ಕೈ, ಪಾತ್ರೆ, ಅಚ್ಚು, ಬಟ್ಟೆ ಎಲ್ಲವನ್ನೂ ತೊಳೆಯುವ ನೀರು ಅನೇಕ ಜಮೀನುಗಳಲ್ಲಿ ಬರುವುದು ಬೆಟ್ಟದ ಊಟೆಗಳಿಂದ. ಊಟೆಯ ಸುತ್ತಲಿನ ಮರಗಳು ಹೋಗಿ ದನಗಳು ಅಲ್ಲಿಗೇ ಇಳಿದು ನೀರು ಕುಡಿಯತೊಡಗಿದರೆ, ಕರುಳಿನಲ್ಲಿ ವಾಸಿಸುವ ಇ. ಕೊಲೈ ಮುಂತಾದ ಬ್ಯಾಕ್ಟೀರಿಯಾಗಳು ಸಗಣಿಯೊಂದಿಗೆ ಮಳೆನೀರಿನಲ್ಲಿ ಕೊಚ್ಚಿ ಬಂದು ಅದೇ ನೀರನ್ನು ಸೇರುತ್ತವೆ. ಬೇರು, ತರಗೆಲೆ ಮತ್ತು ಸಡಿಲವಾದ ಕಾಡುಮಣ್ಣು ಹರಿವಿನ ವೇಗವನ್ನು ತಗ್ಗಿಸಿ ಕೊಳೆಯನ್ನು ಹಿಡಿದಿಡುತ್ತವೆ. ದನಗಳು ತುಳಿದು ಗಟ್ಟಿಯಾದ ನೆಲಕ್ಕೆ ಆ ಶಕ್ತಿಯಿಲ್ಲ.

ಬ್ರೆಜಿಲ್‌ನ 2012ರ ಅರಣ್ಯ ಸಂಹಿತೆಯು ಊಟೆಯ ಸುತ್ತ 50 ಮೀಟರ್, 10 ಮೀಟರ್‌ಗಿಂತ ಕಿರಿದಾದ ತೊರೆಯ ಎರಡೂ ದಡಗಳಲ್ಲಿ 30 ಮೀಟರ್ ಸಸ್ಯಾವರಣ ಇರಬೇಕೆನ್ನುತ್ತದೆ. ಆದರೆ 2008ರ ಜುಲೈಗೆ ಮುಂಚೆಯೇ ಕಡಿದು ಬಳಸುತ್ತಿದ್ದ ಜಾಗಗಳಿಗೆ ಅದೇ ಕಾನೂನು ರಿಯಾಯಿತಿ ಕೊಟ್ಟು, ಅತಿ ಚಿಕ್ಕ ಹಿಡುವಳಿಗಳು ತೊರೆಯ ದಡದಲ್ಲಿ 5 ಮೀಟರ್, ಊಟೆಯ ಸುತ್ತ 15 ಮೀಟರ್ ಮರಳಿ ಬೆಳೆಸಿದರೆ ಸಾಕೆಂದಿದೆ. ಸಣ್ಣ ರೈತನ ಬದುಕನ್ನು ನೆನೆದರೆ ಆ ರಿಯಾಯಿತಿಗೆ ಅರ್ಥವಿದೆ. ಜೋರು ಮಳೆಯಲ್ಲಿ 5 ಮೀಟರಿನ ಪಟ್ಟಿ 30 ಮೀಟರಿನಷ್ಟು ಕೊಳೆಯನ್ನು ತಡೆಯುವುದಿಲ್ಲವೆಂಬುದೂ ಅಷ್ಟೇ ನಿಜ. ಅಂಥ ಜಮೀನುಗಳಲ್ಲಿ ಊಟೆಗೆ ಬೇಲಿ ಹಾಕಿ, ದನಗಳ ಕುಡಿಯುವ ನೀರನ್ನು ಕೊಳವೆಯಲ್ಲಿ ಹೊರಗಿನ ತೊಟ್ಟಿಗೆ ತಂದು, ಚೀಸು ಮಾಡುವ ಕೋಣೆಗೆ ಹೋಗುವ ನೀರನ್ನು ಸೋಸಿ ಕ್ಲೋರಿನ್ ಬೆರೆಸುವ ಕೆಲಸವನ್ನು ಮರಗಳು ಬೆಳೆಯುವವರೆಗೂ, ಬೆಳೆದ ಮೇಲೂ, ಮನುಷ್ಯರೇ ಮಾಡಬೇಕು.