ಸುಣ್ಣವಿರುವ ಕರಲು ಭೂಮಿಗೆ ಜಿಪ್ಸಂ ಏಕೆ ಬೇಕು?

ತುಂಗಭದ್ರಾ ಅಚ್ಚುಕಟ್ಟಿನ ಕಪ್ಪು ಭೂಮಿಯನ್ನು ಉಳುವಾಗ ಸುಣ್ಣದ ಹರಳುಗಳು ಮೇಲೇಳುವುದನ್ನು ನೀವು ಕಂಡಿರಬಹುದು. ಇಂತಹ ಹೊಲ ಕರಲಾದಾಗ ಜಿಪ್ಸಂ ಹಾಕಿರೆಂದು ಸಲಹೆ ಕೊಟ್ಟರೆ ರೈತರು ಕೇಳುವ ಪ್ರಶ್ನೆ ಇದು: "ಸುಣ್ಣದಲ್ಲಿರುವುದೂ ಕ್ಯಾಲ್ಸಿಯಂ, ಜಿಪ್ಸಂನಲ್ಲಿರುವುದೂ ಕ್ಯಾಲ್ಸಿಯಂ. ಹೊಲದ ತುಂಬ ಸುಣ್ಣವಿರುವಾಗ ದುಡ್ಡು ಕೊಟ್ಟು ಜಿಪ್ಸಂ ತರುವುದೇಕೆ?" ಪ್ರಶ್ನೆ ನ್ಯಾಯವಾದುದೇ.

ಕರಲು ಭೂಮಿಯ ದೋಷವೆಂದರೆ ಜೇಡಿ ಕಣಗಳಿಗೆ ಸೋಡಿಯಂ ಅಂಟಿಕೊಂಡಿರುವುದು. ಇದರಿಂದ ಮಣ್ಣು ಕದಡಿ, ರಂಧ್ರಗಳು ಮುಚ್ಚಿ, ನೀರು ಇಂಗುವುದಿಲ್ಲ. ಸೋಡಿಯಂ ಅನ್ನು ಹೊರದೂಡಲು ಕ್ಯಾಲ್ಸಿಯಂ ಬೇಕು. ಅದೂ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ.

ಶುದ್ಧ ನೀರಿನಲ್ಲೂ ಈ ಹರಳು ಲೀಟರಿಗೆ ಸುಮಾರು 14 ಮಿಲಿಗ್ರಾಂ ಮಾತ್ರ ಕರಗುತ್ತದೆ. ಕರಗಿದ್ದು ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎಂಬ ಎರಡು ಅಯಾನುಗಳಾಗಿ ಬೇರೆಯಾಗುತ್ತದೆ. ಒಂದು ಕಡೆ ಹರಳು ಕರಗುತ್ತಿದ್ದರೆ ಇನ್ನೊಂದು ಕಡೆ ಅಯಾನುಗಳು ಕೂಡಿ ಮತ್ತೆ ಹರಳಾಗುತ್ತಿರುತ್ತವೆ. ಎರಡೂ ಸಮನಾದಾಗ ಸಮತೋಲನ ಏರ್ಪಡುತ್ತದೆ. ಆದರೆ ಕರಲು ಭೂಮಿಯ ನೀರಿನಲ್ಲಿ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಮೊದಲೇ ಇರುತ್ತದೆ. ಅದರ ಕಾರ್ಬೊನೇಟ್ ಸುಣ್ಣದ ಕಾರ್ಬೊನೇಟಿನೊಡನೆ ಸೇರಿದಾಗ ಕೂಡಿಕೊಳ್ಳುವ ಕ್ರಿಯೆ ಬಲವಾಗಿ, ಸಮತೋಲನ ಹರಳಿನ ಕಡೆಗೇ ವಾಲುತ್ತದೆ. ಕರಗಿದ್ದ ಅಷ್ಟಿಷ್ಟು ಕ್ಯಾಲ್ಸಿಯಂ ಸಹ ತಳ ಸೇರುತ್ತದೆ. ಇದನ್ನೇ ರಸಾಯನಶಾಸ್ತ್ರದಲ್ಲಿ ಸಮಾನ ಅಯಾನು ಪರಿಣಾಮ ಎನ್ನುತ್ತಾರೆ. ಕಣಜದಲ್ಲಿ ಕಾಳಿದೆ, ಬಾಗಿಲಿಗೆ ಬೀಗ ಬಿದ್ದಿದೆ ಎಂದು ತಿಳಿಯಿರಿ. (ಮಲೆನಾಡಿನ ಹುಳಿ ಮಣ್ಣಿನಲ್ಲಿ ಕಾರ್ಬೊನೇಟನ್ನು ಆಮ್ಲವೇ ತಿಂದುಹಾಕುವುದರಿಂದ ಅಲ್ಲಿ ಸುಣ್ಣ ಚೆನ್ನಾಗಿ ಕೆಲಸ ಮಾಡುತ್ತದೆ. ಅಲ್ಲಿಯ ನೆಂಟರ ಮಾತು ಕೇಳಿ ಕರಲಿಗೆ ಸುಣ್ಣ ಹಾಕಬೇಡಿ.)

ಜಿಪ್ಸಂ ಲೀಟರಿಗೆ ಸುಮಾರು 2.5 ಗ್ರಾಂ ಕರಗುತ್ತದೆ. ಅದರ ಜೊತೆಗಾರ ಸಲ್ಫೇಟ್, ಕಾರ್ಬೊನೇಟ್ ಅಲ್ಲ. ಆದುದರಿಂದ ಸೋಡಾ ಅದಕ್ಕೆ ಸುಣ್ಣದಂತೆ ಬೀಗ ಹಾಕಲಾರದು. ಜೇಡಿಯು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡಂತೆಲ್ಲ ಇನ್ನಷ್ಟು ಜಿಪ್ಸಂ ಕರಗುತ್ತದೆ. ಆದರೂ ನೀರಿನಲ್ಲಿರುವ ಸೋಡಾ ಅದರ ಒಂದು ಪಾಲನ್ನು ಹಿಡಿದು ಸುಣ್ಣವಾಗಿಸುತ್ತದೆ. ಅಷ್ಟು ಹಣ ಮಣ್ಣುಪಾಲು. ಆದುದರಿಂದ ಜಿಪ್ಸಂ ಅನ್ನು ಆಳಕ್ಕೆ ಉಳದೆ, ಮೇಲಿನ 10 ಸೆಂಟಿಮೀಟರ್ ಮಣ್ಣಿನಲ್ಲಷ್ಟೇ ಬೆರೆಸಿರಿ. ಪ್ರಮಾಣವನ್ನು ನೆರೆಯವರನ್ನು ನೋಡಿ ನಿರ್ಧರಿಸದೆ ಮಣ್ಣು ಪರೀಕ್ಷೆ ಮಾಡಿಸಿರಿ.

ಸುಣ್ಣದ ಬೀಗ ತೆರೆಯುವ ದಾರಿಯೂ ಒಂದುಂಟು. ಡಯಂಚ ಬೆಳೆದು ಮಣ್ಣಿಗೆ ಸೇರಿಸಿದರೆ, ಅದು ಕೊಳೆಯುವಾಗ ಹೊರಡುವ ಇಂಗಾಲದ ಡೈ ಆಕ್ಸೈಡ್ ಕಾರ್ಬೊನೇಟನ್ನು ಬೈಕಾರ್ಬೊನೇಟ್ ಆಗಿಸುತ್ತದೆ; ಸುಣ್ಣ ನಿಧಾನವಾಗಿ ಕರಗತೊಡಗುತ್ತದೆ. ಕೆಟ್ಟ ಕರಲಿಗೆ ಇದೊಂದೇ ಸಾಲದು, ಜಿಪ್ಸಂ ಜೊತೆಗಿರಲಿ.

ಜಿಪ್ಸಂ ಬೆರೆಸಿದ ಮೇಲೆ ಒಡ್ಡು ಕಟ್ಟಿ ಒಳ್ಳೆಯ ನೀರು ನಿಲ್ಲಿಸಿರಿ. ಬಿಡುಗಡೆಯಾದ ಸೋಡಿಯಂ ಬಸಿಗಾಲುವೆಯ ಮೂಲಕ ಹೊರಹೋಗಬೇಕು. ಬಸಿಗಾಲುವೆ ಇಲ್ಲದ ಹೊಲಕ್ಕೆ ಜಿಪ್ಸಂ ಕೊಳ್ಳುವ ಮೊದಲು ಗುದ್ದಲಿ ಹಿಡಿಯಿರಿ.