ಸಾಕೆಟ್‌ಗೆ ಚಿನ್ನ ಬೇಕೆ?

ಆಡಿಯೋ ಅಂಗಡಿಯಲ್ಲಿ ಒಂದೇ ಆಕಾರದ ಎರಡು ಆರ್‌ಸಿಎ ಪ್ಲಗ್‌ಗಳು ಪಕ್ಕಪಕ್ಕದಲ್ಲೇ ಇರುತ್ತವೆ. ಒಂದಕ್ಕೆ ಬಿಳಿ ನಿಕಲ್ ಲೇಪ, ಇನ್ನೊಂದಕ್ಕೆ ಚಿನ್ನದ್ದು. ಚಿನ್ನದಲ್ಲಿ ವಿದ್ಯುತ್ ಹೆಚ್ಚು ಸಲೀಸಾಗಿ ಹರಿಯುತ್ತದೆ, ಅದಕ್ಕೇ ಅಷ್ಟು ಬೆಲೆ ಎಂದುಕೊಂಡು ಕೊಳ್ಳುವವರೇ ಹೆಚ್ಚು.

ಹಾಗೇನೂ ಇಲ್ಲ. ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿಯೇ ಮೊದಲು, ಕೂದಲೆಳೆಯಷ್ಟು ಹಿಂದೆ ತಾಮ್ರ. ಚಿನ್ನದ ಸಾಮರ್ಥ್ಯ ತಾಮ್ರದ ಸುಮಾರು ಮುಕ್ಕಾಲು ಪಾಲು. ಹಿತ್ತಾಳೆಯದು ಕಾಲು ಪಾಲಿಗಿಂತ ತುಸು ಹೆಚ್ಚು. ಆದರೆ ಪ್ಲಗ್ಗಿನ ಉದ್ದವೇ ಒಂದೆರಡು ಸೆಂಟಿಮೀಟರ್. ಅಷ್ಟರಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೇ ಬಾರದು. ತೊಂದರೆ ಹುಟ್ಟುವುದು ಲೋಹದ ಒಳಗಲ್ಲ, ಎರಡು ಲೋಹಗಳು ತಾಗುವ ಮೈಯಲ್ಲಿ.

ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಗಾಳಿಯಲ್ಲಿನ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ದೇವರ ಮನೆಯ ಬೆಳ್ಳಿ ದೀಪವನ್ನು ಆಗಾಗ ಉಜ್ಜಬೇಕಾಗುವುದೂ ಇದೇ ಕಾರಣಕ್ಕೆ. ಚಿನ್ನಕ್ಕೆ ಮಾತ್ರ ಈ ಕಾಟವಿಲ್ಲ. ಸಿಡಿ ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ಸಂಕೇತ ಹೆಚ್ಚೆಂದರೆ ಒಂದೆರಡು ವೋಲ್ಟ್. ಮೈಮೇಲಿನ ತೆಳು ಪೊರೆಯನ್ನು ಸೀಳಿಕೊಂಡು ಹೋಗುವ ಕಸುವು ಅದಕ್ಕಿಲ್ಲ. ಹಾಗಾಗಿ ಅಲ್ಲಿ ಚಿನ್ನಕ್ಕೆ ಕೊಟ್ಟ ಹಣ ವ್ಯರ್ಥವಲ್ಲ.

ಲೇಪದ ದಪ್ಪವನ್ನು ಮಾತ್ರ ವಿಚಾರಿಸಲೇಬೇಕು. ಅಗ್ಗದ ಪ್ಲಗ್ಗಿನ ಚಿನ್ನ ಮೈಕ್ರಾನಿನ ಹತ್ತನೇ ಒಂದು ಭಾಗವೂ ಇರದು. ಹತ್ತಾರು ಸಲ ಹಾಕಿ ತೆಗೆದರೆ ಸವೆದೇ ಹೋದೀತು. ಉತ್ತಮ ಸಂಪರ್ಕಗಳಲ್ಲಿ ಮುಕ್ಕಾಲು ಮೈಕ್ರಾನ್‌ವರೆಗೆ ಚಿನ್ನವಿದ್ದು, ಅದರಡಿ ನಿಕಲ್ ಪದರವೂ ಇರುತ್ತದೆ. ಆ ನಿಕಲ್ ಇಲ್ಲದಿದ್ದರೆ ಕೆಳಗಿನ ತಾಮ್ರ ನಿಧಾನವಾಗಿ ಚಿನ್ನದೊಳಗೆ ನುಸುಳಿ ಮೇಲೆ ಬಂದು ಮಂಕಾಗುತ್ತದೆ. ಇನ್ನೊಂದು ಎಚ್ಚರಿಕೆ: ತವರದ ಲೇಪದ ಸಾಕೆಟ್‌ಗೆ ಚಿನ್ನದ ಪ್ಲಗ್ ಸಲ್ಲದು. ಸಣ್ಣ ಕದಲಿಕೆಗೂ ತವರದ ಆಕ್ಸೈಡ್ ಉದುರಿ ಚಿನ್ನಕ್ಕೆ ಮೆತ್ತಿಕೊಳ್ಳುತ್ತದೆ. ಜೋಡಿಯ ಎರಡೂ ಕಡೆ ಒಂದೇ ಲೇಪವಿರಬೇಕು.

ಸ್ಪೀಕರ್ ಕಡೆಗೆ ಬಂದರೆ ಆತಂಕವೇ ಬೇಡ. 8 ಓಮ್ ಸ್ಪೀಕರ್‌ನ ದಾರಿಯಲ್ಲಿ ಪ್ಲಗ್ 0.01 ಓಮ್ ಅಡ್ಡಿ ಒಡ್ಡಿದರೂ ಸದ್ದು ತಗ್ಗುವುದು ಡೆಸಿಬಲ್‌ನ ನೂರನೇ ಒಂದು ಭಾಗದಷ್ಟು. ಯಾವ ಕಿವಿಗೂ ಅದು ಕೇಳಿಸದು.

ಗೋಡೆಯ ಸಾಕೆಟ್‌ನ ಕಥೆ ಬೇರೆಯೇ. ಜಪಾನಿನ ಕಂಪನಿಗಳು ರೋಡಿಯಂ ಲೇಪದ ಔಟ್‌ಲೆಟ್‌ಗಳನ್ನೂ ಮಾರುತ್ತವೆ. ರೋಡಿಯಂ ಬಹಳ ಗಟ್ಟಿ, ಸವೆಯದು, ನಿಜ. ಆದರೆ 230 ವೋಲ್ಟ್ ಹರಿಯುವಲ್ಲಿ ಲೇಪಕ್ಕಿಂತ ಹಿಡಿತ ಮುಖ್ಯ. ಸಡಿಲ ಸಾಕೆಟ್‌ನಲ್ಲಿ 0.1 ಓಮ್ ಅಡ್ಡಿ ಹುಟ್ಟಿ, 10 ಆಂಪಿಯರ್ ಹರಿದರೆ ಆ ಒಂದು ಚುಕ್ಕೆಯಲ್ಲಿ 10 ವಾಟ್ ಶಾಖ. ಪ್ಲಾಸ್ಟಿಕ್ ಕಂದಾಗಿ ಸುಟ್ಟ ವಾಸನೆ ಬರುವುದು ಇದರಿಂದಲೇ. ಭಾರತದ 6 ಮತ್ತು 16 ಆಂಪಿಯರ್ ಪ್ಲಗ್‌ಗಳಿಗೆ ಐಎಸ್ 1293 ಮಾನಕವಿದೆ. ಅದರ ಐಎಸ್‌ಐ ಗುರುತು ಇರುವ, ಪಿನ್ನನ್ನು ಬಿಗಿಯಾಗಿ ಕಚ್ಚುವ ಹಿತ್ತಾಳೆ ಅಥವಾ ಫಾಸ್ಫರ್ ಬ್ರಾಂಜ್ ಸಾಕೆಟ್ ಸಾಕು. ಫಾಸ್ಫರ್ ಬ್ರಾಂಜ್ ವಿದ್ಯುತ್ ಹರಿಸುವುದರಲ್ಲಿ ಹಿತ್ತಾಳೆಗಿಂತ ಹಿಂದೆ, ಆದರೆ ವರ್ಷಗಟ್ಟಲೆ ಸ್ಪ್ರಿಂಗ್ ಗುಣ ಬಿಡದು.

ಮಂಗಳೂರು, ಕಾರವಾರದಂಥ ಕರಾವಳಿಯಲ್ಲಿ ಉಪ್ಪುಗಾಳಿ ಎಲ್ಲ ಲೆಕ್ಕವನ್ನೂ ಬಿಗಿಯಾಗಿಸುತ್ತದೆ. ಅಲ್ಲಿ ಸಂಕೇತದ ಪ್ಲಗ್‌ಗಳಿಗೆ ದಪ್ಪ ಚಿನ್ನವೇ ಲೇಸು. ಮಳೆಗಾಲ ಮುಗಿದ ಮೇಲೆ ಉಪಕರಣಗಳನ್ನು ಆಫ್ ಮಾಡಿ, ಪ್ಲಗ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ ಮತ್ತೆ ಜೋಡಿಸಬೇಕು.