ಡಬ್ಬಾವಾಲಾನ ಚಿತ್ರ ಹಾಕಿದರೆ ಅಜೈಲ್ ಆಗುತ್ತದೆಯೇ?

ಮುಂಬಯಿ ಮಹಾನಗರದ ಪವೈ, ಐರೋಲಿ, ಮಲಾಡ್ ಕಡೆಯ ಆಫೀಸುಗಳಲ್ಲಿ ಅಜೈಲ್ (ಸ್ವಲ್ಪಸ್ವಲ್ಪ ಮಾಡಿ, ನೋಡಿ, ತಿದ್ದಿಕೊಳ್ಳುತ್ತ ಮುಂದುವರಿಯುವ ಕೆಲಸದ ಪದ್ಧತಿ) ತರಬೇತಿ ನಡೆದರೆ ಪರದೆಯ ಮೇಲೆ ಮನೆಯೂಟದ ಡಬ್ಬಿಯನ್ನು ಆಫೀಸಿಗೆ ಮುಟ್ಟಿಸುವ ಬಿಳಿ ಟೋಪಿಯ ಡಬ್ಬಾವಾಲಾ ಒಮ್ಮೆಯಾದರೂ ಬಂದು ಹೋಗುತ್ತಾನೆ. ನಮ್ಮೂರಿನ ಅಜೈಲ್ ನೋಡಿ ಎಂದು ತರಬೇತುದಾರರು ಹೆಮ್ಮೆಯಿಂದ ತೋರಿಸುತ್ತಾರೆ. ಹೆಮ್ಮೆ ನ್ಯಾಯವಾದದ್ದೇ, ಆದರೆ ಉದಾಹರಣೆ ಮುಕ್ಕಾಲು ಪಾಲು ತಪ್ಪು.

1890ರಲ್ಲಿ ಮಹಾದೇವ ಹಾವಾಜಿ ಬಚ್ಚೆ ಆರಂಭಿಸಿದ ಈ ವ್ಯವಸ್ಥೆಯ ಜೀವಾಳವೇ ಬದಲಾಗದಿರುವುದು. ನಿನ್ನೆ ಯಾವ ಮನೆಯಿಂದ ಡಬ್ಬಿ ಎತ್ತಿದರೋ ಇವತ್ತೂ ಅದೇ ಮನೆ. ಅದೇ ಲೋಕಲ್ ರೈಲು, ಮುಚ್ಚಳದ ಮೇಲೆ ಅದೇ ಗುರುತು, ಊಟದ ಹೊತ್ತಿಗೆ ಅದೇ ಮೇಜು. ಅಲ್ಲಿ ಯಾರಾದರೂ ಹೊಸ ಪ್ರಯೋಗ ಮಾಡಹೊರಟರೆ ಚರ್ಚ್‌ಗೇಟಿನ ಗುಮಾಸ್ತನೊಬ್ಬ ಆ ದಿನ ಉಪವಾಸ. ಏನು ಕಟ್ಟಬೇಕೆಂಬುದು ಗಿರಾಕಿಗೇ ಸರಿಯಾಗಿ ಗೊತ್ತಿಲ್ಲದ ಕೆಲಸಕ್ಕಾಗಿ ಅಜೈಲ್ ಹುಟ್ಟಿದ್ದು. ಡಬ್ಬಿಯ ಗಿರಾಕಿಗೆ ತನಗೇನು ಬೇಕೆಂಬುದು ಚೆನ್ನಾಗಿ ಗೊತ್ತು.

ಉಳಿದ ಕಾಲು ಪಾಲು ಮಾತ್ರ ಸರಿ. ಡಬ್ಬಾವಾಲಾಗಳು ಇಪ್ಪತ್ತು ಚಿಲ್ಲರೆ ಜನರ ಗುಂಪುಗಳಾಗಿ, ಮುಕಾದಮ ಎಂಬ ಮುಖಂಡನ ಕೈಕೆಳಗೆ, ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುತ್ತಾರೆ. ಯಾರಾದರೂ ಬಾರದಿದ್ದರೆ ಆ ಜಾಗ ತುಂಬಲು ಹೆಚ್ಚುವರಿ ಆಳೂ ಇರುತ್ತಾನೆ. ತನ್ನ ಕೆಲಸವನ್ನು ತಾನೇ ಹಂಚಿಕೊಳ್ಳುವ ತಂಡ ಅಜೈಲ್‌ಗೂ ಬೇಕು. ತರಬೇತಿಯಲ್ಲಿ ಇದೊಂದನ್ನೇ ಬಿಟ್ಟು ವೇಗದ ಬಗ್ಗೆ ಮಾತಾಡುತ್ತಾರೆ. (ಫೋರ್ಬ್ಸ್ ಇವರಿಗೆ ಸಿಕ್ಸ್ ಸಿಗ್ಮಾ ಎಂಬ ಗುಣಮಟ್ಟದ ಪ್ರಮಾಣಪತ್ರ ಕೊಟ್ಟಿತೆಂಬ ಮಾತೂ ಹಾಗೆಯೇ ಓಡಾಡುತ್ತಿದೆ. 1998ರಲ್ಲಿ ಆ ಬಳಗದ ಪತ್ರಿಕೆ ಪ್ರಕಟಿಸಿದ್ದು ಲೇಖನವನ್ನು. ಪ್ರಮಾಣಪತ್ರ ಕೊಡುವುದು ಪತ್ರಿಕೆಯ ಕಸುಬಲ್ಲ.)

ವೇಗವೆಂಬುದೇ ಎರಡನೆಯ ತಪ್ಪು ಕಲ್ಪನೆ. ಅಜೈಲ್‌ನಲ್ಲಿ ಕೆಲಸ ಸಾಗುವುದು ಸ್ಪ್ರಿಂಟ್ ಎಂಬ ಪುಟ್ಟ ಅವಧಿಗಳಲ್ಲಿ. ‘ಎರಡು ವಾರದ ಸ್ಪ್ರಿಂಟ್ ಮಾಡುತ್ತೀರಿ, ಹಾಗಾದರೆ ಆರು ತಿಂಗಳ ಕೆಲಸ ಮೂರು ತಿಂಗಳಲ್ಲಿ ಮುಗಿಯಬೇಕಲ್ಲ?’ ಎಂದು ಮೇಲಿನವರು ಕೇಳುತ್ತಾರೆ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಸ್ನೋಬರ್ಡ್‌ನಲ್ಲಿ ಸೇರಿ ಅಜೈಲ್ ಪ್ರಣಾಳಿಕೆ ಬರೆದ 17 ಮಂದಿ ಅಂಥ ಭರವಸೆಯನ್ನು ಯಾರಿಗೂ ಕೊಟ್ಟಿಲ್ಲ. ಬೇಗ ಸಿಗುವುದು ತಪ್ಪಿನ ಸುಳಿವು. ವರ್ಷದ ಕೊನೆಗೆ ಬಯಲಾಗಬೇಕಾದ ಎಡವಟ್ಟು ಎರಡನೇ ವಾರದಲ್ಲೇ ಕಣ್ಣಿಗೆ ಬೀಳುತ್ತದೆ. ಪ್ರಣಾಳಿಕೆಯ ಜೊತೆಗಿರುವ 12 ತತ್ತ್ವಗಳಲ್ಲಿ ಒಂದು, ಎಷ್ಟು ಕಾಲವಾದರೂ ದಣಿಯದೆ ಉಳಿಸಿಕೊಳ್ಳಬಹುದಾದ ಗತಿಯಲ್ಲಿ ಕೆಲಸ ಸಾಗಬೇಕೆನ್ನುತ್ತದೆ. ಸ್ಪ್ರಿಂಟಿನ ಹೆಸರಿನಲ್ಲಿ ಜನರನ್ನು ರಾತ್ರಿಯ ಕೊನೆಯ ಕರ್ಜತ್ ಲೋಕಲ್‌ವರೆಗೆ ಕೂರಿಸಿಕೊಳ್ಳುವ ಆಫೀಸು ಆ ಪುಟದವರೆಗೆ ಓದಿಲ್ಲವೆಂದೇ ಅರ್ಥ.

ಅಜೈಲ್‌ನಲ್ಲಿ ಯೋಜನೆ ಬೇಡ, ದಾಖಲೆ ಬೇಡ ಎನ್ನುವವರಿಗೆ ಹೆಚ್ಚು ಉತ್ತರ ಬೇಕಿಲ್ಲ. ದಾಖಲೆಗೂ ಯೋಜನೆಗೂ ಬೆಲೆಯಿದೆ, ಆದರೆ ನಡೆಯುವ ಉತ್ಪನ್ನಕ್ಕೂ ಬದಲಾವಣೆಗೆ ಹೊಂದಿಕೊಳ್ಳುವುದಕ್ಕೂ ನಾವು ಹೆಚ್ಚು ಬೆಲೆ ಕೊಡುತ್ತೇವೆ ಎಂಬುದು ಪ್ರಣಾಳಿಕೆಯ ಧಾಟಿ.

ಹಂತಹಂತವಾಗಿ ಮಾಡಿದ್ದೆಲ್ಲ ಅಜೈಲ್ ಎನ್ನುವ ನಂಬಿಕೆ ಇದಕ್ಕಿಂತ ಸೂಕ್ಷ್ಮವಾದದ್ದು. ಮುಂಬಯಿಯ ಮೆಟ್ರೊ 3ನ್ನೇ ನೋಡಿ. ಆರೆಯಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ವರೆಗೆ 2024ರ ಅಕ್ಟೋಬರ್‌ನಲ್ಲಿ, ವರ್ಲಿಯವರೆಗೆ 2025ರ ಮೇ ತಿಂಗಳಲ್ಲಿ, ಕಫ್ ಪರೇಡ್‌ವರೆಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ತೆರೆಯಿತು. ಮೊದಲ ತುಂಡಿನಲ್ಲಿ ಓಡಾಡಿದವರ ಅನುಭವ ಕೇಳಿ ಕೊನೆಯ ತುಂಡಿನ ಸುರಂಗವನ್ನು ಬೇರೆ ಕಡೆ ತಿರುಗಿಸಲಿಲ್ಲ, ತಿರುಗಿಸಲೂಬಾರದು. 33.5 ಕಿಲೋಮೀಟರ್ ದಾರಿ, 27 ನಿಲ್ದಾಣ ಮೊದಲೇ ಗೊತ್ತಾಗಿದ್ದವು. ಇಂಥ ಕಾಮಗಾರಿಗೆ ಹಳೆಯ ಕಾಲದ ಕಟ್ಟುನಿಟ್ಟಿನ ಯೋಜನೆಯೇ ಸರಿ. ಇನ್ನು ಇದರ ರೈಲುಗಳನ್ನು ನಿಲ್ಲಿಸುವ ಕಾರ್‌ಶೆಡ್ ಆರೆಯಿಂದ ಕಾಂಜೂರ್‌ಮಾರ್ಗಕ್ಕೆ ಹೋಗಿ, ಸರಕಾರ ಬದಲಾದ ಮೇಲೆ ಮತ್ತೆ ಆರೆಗೇ ಬಂದದ್ದನ್ನು ಬದಲಾವಣೆಗೆ ಹೊಂದಿಕೊಳ್ಳುವ ಗುಣ ಎಂದು ಯಾರೂ ಕರೆಯದಿರಲಿ.

‘ಬ್ಯಾಂಕು, ಷೇರುಪೇಟೆಯಂಥ ಕಡೆ ಇದೆಲ್ಲ ನಡೆಯುವುದಿಲ್ಲ, ಅಲ್ಲಿ ನಿಯಮ ಜಾಸ್ತಿ’ ಎನ್ನುವುದು ಮುಂಬಯಿಯಲ್ಲೇ ಹೆಚ್ಚು ಕೇಳಿಸುವ ಮಾತು. ಅದನ್ನು ಸುಳ್ಳುಮಾಡುವ ಸಂಗತಿಯೂ ಇಲ್ಲಿಯದೇ. ಷೇರು ಮಾರಿದ ಮರುದಿನವೇ ಹಣ ಕೈಸೇರುವ ಟಿ+1 ಪದ್ಧತಿಗೆ ನಮ್ಮ ಪೇಟೆ ಒಂದೇ ಏಟಿಗೆ ಹಾರಲಿಲ್ಲ. 2022ರ ಫೆಬ್ರುವರಿ 25ರಂದು ಶುರುವಾದದ್ದು ಮಾರುಕಟ್ಟೆ ಮೌಲ್ಯದಲ್ಲಿ ಅತಿ ಕೆಳಗಿದ್ದ 100 ಷೇರುಗಳಿಂದ. ಮಾರ್ಚಿನಿಂದ ತಿಂಗಳಿಗೆ 500ರಂತೆ ಕೆಳಗಿನಿಂದ ಮೇಲಕ್ಕೆ ಸೇರಿಸುತ್ತ, ದೊಡ್ಡ ಕಂಪನಿಗಳ ಸರದಿ ಬಂದಾಗ 2023ರ ಜನವರಿ 27. ವಿದೇಶಿ ಹೂಡಿಕೆದಾರರು ತಮ್ಮ ದೇಶದ ಗಡಿಯಾರಕ್ಕೂ ನಮ್ಮದಕ್ಕೂ ಹೊಂದುವುದಿಲ್ಲವೆಂದು ಆಕ್ಷೇಪ ಎತ್ತಿದ್ದರು. ಅವರ ದುಡ್ಡು ಹೆಚ್ಚಾಗಿರುವುದು ದೊಡ್ಡ ಷೇರುಗಳಲ್ಲಿ. ಆ ಸರದಿ ಬರುವ ಹೊತ್ತಿಗೆ ದಲ್ಲಾಳಿಗಳಿಗೂ ಬ್ಯಾಂಕುಗಳಿಗೂ ಹನ್ನೊಂದು ತಿಂಗಳ ರೂಢಿಯಾಗಿತ್ತು. ಯಾರೂ ಇದಕ್ಕೆ ಅಜೈಲ್ ಎಂಬ ಪಟ್ಟಿ ಅಂಟಿಸಲಿಲ್ಲ. ಆದರೂ ಕೆಟ್ಟರೆ ಕಡಿಮೆ ನಷ್ಟವಾಗುವ ಕಡೆಯಿಂದ ಶುರುಮಾಡಿ ಕಲಿಯುತ್ತ ಮುಂದೆ ಹೋಗುವ ಬುದ್ಧಿ ಅಜೈಲ್‌ನದ್ದೇ. ಅಮೆರಿಕ 2024ರ ಮೇ 28ರಂದು ಒಂದೇ ದಿನದಲ್ಲಿ ಟಿ+1ಕ್ಕೆ ದಾಟಿತು, ಅದೂ ಯಶಸ್ವಿಯಾಯಿತು. ಅಂದರೆ ದಾರಿ ಇದೊಂದೇ ಎಂದು ಹಟ ಹಿಡಿಯಬೇಕಿಲ್ಲ.

ಯುಪಿಐ ಕೂಡ ಇದೇ ಊರಿನ ಎನ್‌ಪಿಸಿಐ ಸಂಸ್ಥೆಯದು. 2016ರ ಏಪ್ರಿಲ್‌ನಲ್ಲಿ 21 ಬ್ಯಾಂಕುಗಳೊಂದಿಗೆ ಪ್ರಾಯೋಗಿಕವಾಗಿ ಆರಂಭವಾದಾಗ ಅದು ಇವತ್ತಿನ ಯುಪಿಐ ಆಗಿರಲಿಲ್ಲ. ತಿಂಗಳ ಕಂತು ತಾನಾಗಿ ಕಟ್ಟಿಹೋಗುವ ಆಟೊಪೇ 2020ರಲ್ಲಿ ಬಂತು, ಸಾದಾ ಫೋನಿನವರ 123ಪೇ 2022ರಲ್ಲಿ. ಎರಡರ ಮೇಲೂ ರಿಸರ್ವ್ ಬ್ಯಾಂಕಿನ ಕಣ್ಣಿತ್ತು.

ಇದೆಲ್ಲ ಸಾಫ್ಟ್‌ವೇರಿನವರಿಗೆ ಮಾತ್ರ ಎನ್ನುವವರು 1986ಕ್ಕೆ ಹೋಗಬೇಕು. ಅಜೈಲ್‌ನ ಹೆಸರುವಾಸಿ ಪದ್ಧತಿಯಾದ ಸ್ಕ್ರಮ್‌ನ ಬೀಜವಿರುವುದು ಆ ವರ್ಷ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಟಕೆಯುಚಿ ಮತ್ತು ನೊನಾಕಾ ಬರೆದ ಲೇಖನದಲ್ಲಿ. ಅದರಲ್ಲಿ ಬರುವುದು ಹೋಂಡಾ ಕಾರು, ಕ್ಯಾನನ್ ಕ್ಯಾಮೆರಾ, ಫುಜಿ-ಜೆರಾಕ್ಸ್ ಯಂತ್ರ.

ಕೊನೆಗೆ ದಿನಬೆಳಗಿನ ಸ್ಟ್ಯಾಂಡ್-ಅಪ್ ಸಭೆ. ಎಲ್ಲರೂ ನಿಂತೇ ಇರಬೇಕು, ಸರದಿಯಂತೆ ನಿನ್ನೆ ಮಾಡಿದ್ದನ್ನು ಮ್ಯಾನೇಜರ್‌ಗೆ ಒಪ್ಪಿಸಬೇಕು ಎಂಬುದು ಹೆಚ್ಚಿನ ಕಡೆಯ ಆಚಾರ. 2020ರ ಸ್ಕ್ರಮ್ ಮಾರ್ಗದರ್ಶಿಯಲ್ಲಿ ನಿಲ್ಲುವ ಮಾತೇ ಇಲ್ಲ, ಕೆಲಸದ ಗಾತ್ರ ಅಂದಾಜಿಸುವ ಸ್ಟೋರಿ ಪಾಯಿಂಟ್‌ಗಳ ಹೆಸರೂ ಇಲ್ಲ. ಇರುವುದಿಷ್ಟು: ಕೆಲಸ ಮಾಡುವವರು 15 ನಿಮಿಷ ಸೇರಿ, ಗುರಿಯತ್ತ ಎಷ್ಟು ಸರಿದಿದ್ದೇವೆಂದು ನೋಡಿ, ಆ ದಿನದ ಯೋಜನೆ ಹಾಕಿಕೊಳ್ಳುವುದು. ಮಳೆಗಾಲದಲ್ಲಿ ಕುರ್ಲಾದ ಹಳಿ ಮುಳುಗಿ ಡೊಂಬಿವಲಿಯವರು ಠಾಣೆಯಲ್ಲೇ ಸಿಕ್ಕಿಕೊಂಡಿದ್ದರೆ ಫೋನಿನಲ್ಲೇ ಅದನ್ನು ಮುಗಿಸಬಹುದು. ಮ್ಯಾನೇಜರ್‌ಗೆ ಹಾಜರಿ ಬೇಕಿದ್ದರೆ ಅದಕ್ಕೆ ಬೇರೆ ಹೊತ್ತಿದೆ, ಬೇರೆ ರಿಜಿಸ್ಟರೂ ಇದೆ.